ಸಾಹಸದ ಬೆಲೆ ತೆರುವವರು ಯಾರು?

ಸಾಹಸವನ್ನು ಕಂಡು ಮೆಚ್ಚುವುದು ಮನುಷ್ಯನ ಸಹಜ ಸ್ವಭಾವ. ಎತ್ತರದ ಮರವನ್ನೇರಿದವನನ್ನು, ತುಂಬಿದ ಹೊಳೆಯನ್ನು ಈಜಿ ದಾಟಿದವನನ್ನು, ಮದವೇರಿದ ಹೋರಿಯ ಕೊಂಬಿಗೆ ಕೈಯಿಕ್ಕಿದವನನ್ನು ಊರು ಬೇಗನೆ ಮರೆಯುವುದಿಲ್ಲ. ನಮ್ಮ ಹೊಸೂರಿನ ಸೀಮೆಯ ಹೊಲದ ಬದುಗಳಲ್ಲಿಯೂ ಕೆರೆಯ ಏರಿಗಳ ಮೇಲೆಯೂ ಇಂದಿಗೂ ನಿಂತಿರುವ ವೀರಗಲ್ಲುಗಳು ಈ ಸ್ವಭಾವಕ್ಕೆ ಸಾಕ್ಷಿಯಾಗಿವೆ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಾವೂ ಧೈರ್ಯವೆಂಬುದನ್ನು ಒಂದು ಸದ್ಗುಣವೆಂದೇ ಮಕ್ಕಳಿಗೆ ಬೋಧಿಸುತ್ತ ಬಂದಿದ್ದೇವೆ. ಆದರೆ ಆ ಒಂದೇ ಮಾತಿನೊಳಗೆ ಒಂದಕ್ಕೊಂದು ವಿರುದ್ಧವಾದ ನಡತೆಗಳು ಅಡಗಿರಬಹುದೆಂಬುದನ್ನು ನಾವು ಬಹುಕಾಲ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದುದು ನಮ್ಮ ಶಾಲೆಯ ಮುಂದಿನ ದಾರಿಯಲ್ಲಿ ನಡೆದ ಒಂದು ದುರ್ಘಟನೆ. ಯೋಚನೆಗೆ ಬೆಳಕು ತೋರಿದುದು ಎಂದೋ ತೀರಿಕೊಂಡ ಒಬ್ಬ ಆಂಗ್ಲ ಮೋಟಾರುಸೈಕಲ್ ಪಂದ್ಯಗಾರನ ಜೀವನಚರಿತ್ರೆ.

ಮೊದಲು ದುರ್ಘಟನೆಯನ್ನು ಹೇಳಿಬಿಡುತ್ತೇವೆ. ಎರಡು ವರ್ಷಗಳ ಕೆಳಗೆ, ಸಂಜೆ ಶಾಲೆ ಬಿಡುವ ಹೊತ್ತಿನಲ್ಲಿ, ಇಬ್ಬರು ತರುಣರು ತಮ್ಮ ಮೋಟಾರುಸೈಕಲುಗಳನ್ನು ಪಂತ ಕಟ್ಟಿ ಓಡಿಸಿಕೊಂಡು ಬಂದರು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ, ಗುಲಾಬಿ ತೋಟದಲ್ಲಿ ಕೂಲಿಗೆ ಹೋಗುವ ತಾಯಿಯ ಮಗು, ರಸ್ತೆಯಾಚೆಗಿನ ಬೋರಿನಲ್ಲಿ ನೀರು ಕುಡಿದು ಹಿಂದಿರುಗುತ್ತಿದ್ದಳು. ಮುಂದಿದ್ದ ಗಾಡಿ ಅವಳಿಗೆ ಬಡಿಯಿತು. ಮಗು ಬದುಕಿಕೊಂಡಿತು, ಆದರೆ ಕಾಲಿನ ಮೂಳೆ ಎರಡು ಕಡೆ ಮುರಿದು, ಕೂಡಿಕೊಂಡ ಮೇಲೂ ನಡಿಗೆ ಸರಿಹೋಗಲಿಲ್ಲ. ಗಾಡಿ ಓಡಿಸುತ್ತಿದ್ದವನು ನಮ್ಮ ಶಿಷ್ಯನೇ. ನಮ್ಮ ಮುಂದೆ ಕುಳಿತು ಅಕ್ಷರ ತಿದ್ದಿದವನು. ಆಗ ಅವನಿಗೆ ಹತ್ತೊಂಬತ್ತು ವರ್ಷ.

ಕೆಲವು ದಿನಗಳಾದ ಮೇಲೆ ನಾವು ಅವನ ಮನೆಗೆ ಹೋದೆವು. ಗದರಿಸಬೇಕೆಂದು ಹೋದವರು, ತಲೆ ತಗ್ಗಿಸಿ ಕುಳಿತವನನ್ನು ಕಂಡು ಸುಮ್ಮನಾದೆವು. ಬಹಳ ಹೊತ್ತಿನ ಮೇಲೆ ಅವನೇ ಮಾತನಾಡಿದನು: “ಮೇಷ್ಟ್ರೇ, ಪಂದ್ಯದಲ್ಲಿ ಓಡಿಸುವವರಿಗೆ ಪದಕ ಕೊಡುತ್ತಾರೆ, ಪೇಪರಿನಲ್ಲಿ ಚಿತ್ರ ಹಾಕುತ್ತಾರೆ. ನಾನು ಮಾಡಿದ್ದೂ ಅದನ್ನೇ ಅಲ್ಲವೇ? ನನ್ನ ಗ್ರಹಚಾರ ನೆಟ್ಟಗಿರಲಿಲ್ಲ, ಅಷ್ಟೆ.”

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗನು ಉದ್ಧಟತನದಿಂದ ಆಡಿದ ಮಾತಾಗಿದ್ದರೆ ತಳ್ಳಿಹಾಕಬಹುದಿತ್ತು. ಅವನು ನಿಜವಾಗಿಯೂ ತಿಳಿಯಬಯಸಿ ಕೇಳಿದ್ದನು. ಹೊಸೂರು ಮೋಟಾರುಸೈಕಲುಗಳು ತಯಾರಾಗುವ ಊರು. ಇಲ್ಲಿಯ ತರುಣರಿಗೆ ಆ ಯಂತ್ರವೆಂದರೆ ಅನ್ನವೂ ಹೌದು, ಕನಸೂ ಹೌದು. ಪಂದ್ಯಗಾರನಿಗೂ ಇವನಿಗೂ ಇರುವ ಭೇದ ಬರಿಯ ಅದೃಷ್ಟದ್ದೇ ಆಗಿದ್ದರೆ, ಇವನನ್ನು ನಿಂದಿಸಿ ಅವನನ್ನು ವಂದಿಸುವ ನಾವು ಅನ್ಯಾಯಗಾರರಾಗುತ್ತೇವೆ. ಭೇದ ಬೇರೊಂದಾಗಿದ್ದರೆ ಅದು ಯಾವುದು? ಈ ಪ್ರಶ್ನೆಯನ್ನು ಹಿಡಿದುಕೊಂಡು ಹಳೆಯ ಪಂದ್ಯಗಾರರ ವೃತ್ತಾಂತಗಳನ್ನು ಓದತೊಡಗಿದಾಗ ನಮಗೆ ಪರಿಚಯವಾದವನೇ ಮೈಕ್ ಹೇಲ್‌ವುಡ್.

ಹೇಲ್‌ವುಡ್ ಹುಟ್ಟಿದುದು ೧೯೪೦ನೆಯ ಏಪ್ರಿಲ್ ೨ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದಲ್ಲಿ. ತಂದೆ ಮೋಟಾರುಸೈಕಲುಗಳ ಸಿರಿವಂತ ವ್ಯಾಪಾರಿ. ಮಗ ೧೯೫೭ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಮೊದಲ ಪಂದ್ಯಕ್ಕಿಳಿದನು. ಹಣವಂತನ ಮಗನ ಹುಚ್ಚಾಟವೆಂದು ಎಣಿಸಿದವರು ಬೇಗನೆ ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು. ೧೯೬೧ರಲ್ಲಿ ಮ್ಯಾನ್ ದ್ವೀಪದ ಟಿ. ಟಿ. ಪಂದ್ಯಗಳಲ್ಲಿ ಅವನು ಒಂದೇ ವಾರದಲ್ಲಿ ಮೂರನ್ನು ಗೆದ್ದನು. ಅಲ್ಲಿಯವರೆಗೆ ಯಾರೂ ಆ ಕೆಲಸ ಮಾಡಿರಲಿಲ್ಲ. ಅದೇ ವರ್ಷ ಹೋಂಡಾ ಯಂತ್ರದ ಮೇಲೆ ಮೊದಲ ಜಗಜ್ಜಯ. ೧೯೬೨ರಿಂದ ೧೯೬೫ರವರೆಗೆ ಇಟಲಿಯ ಎಂ. ವಿ. ಅಗುಸ್ತಾ ಯಂತ್ರದ ಮೇಲೆ ೫೦೦ ಸಿ.ಸಿ. ವರ್ಗದಲ್ಲಿ ಸತತವಾಗಿ ನಾಲ್ಕು. ಮರಳಿ ಹೋಂಡಾ ಸೇರಿ ೧೯೬೬ ಮತ್ತು ೧೯೬೭ರಲ್ಲಿ ೨೫೦ ಮತ್ತು ೩೫೦ ಸಿ.ಸಿ. ವರ್ಗಗಳೆರಡರಲ್ಲಿಯೂ ಜಯ. ಹೀಗೆ ಒಟ್ಟು ಒಂಬತ್ತು ಜಗಜ್ಜಯಗಳು, ೭೬ ಗ್ರಾಂಡ್ ಪ್ರೀ ಗೆಲುವುಗಳು ಅವನ ಲೆಕ್ಕಕ್ಕೆ ಸೇರಿದವು. ಜನ ಪ್ರೀತಿಯಿಂದ ಅವನನ್ನು ‘ಮೈಕ್ ದ ಬೈಕ್’ ಎಂದು ಕರೆದರು.

ಅಂದಿನ ಪಂದ್ಯಗಳ ಅಪಾಯವನ್ನು ವಾಚಕರು ಊಹಿಸಿಕೊಳ್ಳಬೇಕಾದರೆ ಮ್ಯಾನ್ ದ್ವೀಪದ ದಾರಿಯನ್ನು ಸ್ವಲ್ಪ ವಿವರಿಸಬೇಕು. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಸಮುದ್ರದಲ್ಲಿರುವ ಈ ಚಿಕ್ಕ ದ್ವೀಪದಲ್ಲಿ ಪಂದ್ಯಕ್ಕೆಂದು ಕಟ್ಟಿದ ಪ್ರತ್ಯೇಕ ಮೈದಾನವಿಲ್ಲ. ಊರವರು ದಿನವೂ ತಿರುಗಾಡುವ ರಸ್ತೆಯೇ ಪಂದ್ಯದ ರಸ್ತೆ. ಸುಮಾರು ೬೦ ಕಿಲೋಮೀಟರುಗಳ ಒಂದು ಸುತ್ತು. ಅಂತಹ ಆರು ಸುತ್ತುಗಳು. ಇಕ್ಕೆಲದಲ್ಲಿ ಕಲ್ಲಿನ ಗೋಡೆಗಳು, ಮನೆಗಳ ಹೊಸ್ತಿಲುಗಳು, ದೀಪದ ಕಂಬಗಳು; ಆಮೇಲೆ ಸ್ನೇಫೆಲ್ ಬೆಟ್ಟದ ಏರು, ಅಲ್ಲಿ ಹೇಳದೆ ಕೇಳದೆ ಕವಿಯುವ ಮಂಜು. ೧೯೬೭ರಲ್ಲಿ ಇಂತಹ ದಾರಿಯಲ್ಲಿ ಹೇಲ್‌ವುಡ್‌ಗೂ ಇಟಲಿಯ ಜಾಕೊಮೊ ಅಗೊಸ್ಟಿನಿಗೂ ನಡೆದ ಸ್ಪರ್ಧೆಯನ್ನು ಬಲ್ಲವರು ಇಂದಿಗೂ ಸ್ಮರಿಸುತ್ತಾರೆ. ಹೇಲ್‌ವುಡ್ ಒಂದು ಸುತ್ತನ್ನು ಗಂಟೆಗೆ ೧೦೮.೭೭ ಮೈಲಿ, ಎಂದರೆ ಸುಮಾರು ೧೭೫ ಕಿಲೋಮೀಟರು ವೇಗದಲ್ಲಿ ಮುಗಿಸಿದನು. ಆ ವೇಗವನ್ನು ೧೯೭೫ರವರೆಗೆ ಯಾರೂ ಮೀರಲಾಗಲಿಲ್ಲ. ಅಗೊಸ್ಟಿನಿಯ ಯಂತ್ರದ ಸರಪಣಿ ತುಂಡಾದುದರಿಂದ ಗೆಲುವು ಹೇಲ್‌ವುಡ್‌ನದಾಯಿತು.

ಇಲ್ಲಿಯವರೆಗೆ ಓದಿದಾಗ ನಮ್ಮ ಶಿಷ್ಯನ ಮಾತೇ ನಿಜವೆಂದು ತೋರಿತು. ಅದೂ ಜನ ನಡೆಯುವ ದಾರಿ, ಇದೂ ಜನ ನಡೆಯುವ ದಾರಿ. ಅವನ ವೇಗವಾದರೋ ಇವನ ವೇಗಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಿದ್ದ ಮೇಲೆ ಭೇದವೆಲ್ಲಿ?

ಭೇದ ನಮಗೆ ಸಿಕ್ಕಿದುದು ಪಂದ್ಯದ ವರ್ಣನೆಯಲ್ಲಲ್ಲ, ಒಂದು ಹಳೆಯ ಕಾನೂನಿನಲ್ಲಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಗಂಟೆಗೆ ೨೦ ಮೈಲಿಗಿಂತ ವೇಗವಾಗಿ ವಾಹನ ಓಡಿಸುವುದು ನಿಷಿದ್ಧವಾಗಿದ್ದಿತು. ಪಂದ್ಯಕ್ಕಾಗಿ ರಸ್ತೆಯನ್ನು ಮುಚ್ಚಿಕೊಡಲು ಅಲ್ಲಿಯ ಪಾರ್ಲಿಮೆಂಟು ಒಪ್ಪಲಿಲ್ಲ. ಮ್ಯಾನ್ ದ್ವೀಪಕ್ಕೆ ಟಿನ್‌ವಾಲ್ಡ್ ಎಂಬ ತನ್ನದೇ ಶಾಸನಸಭೆಯುಂಟು. ಆ ಸಭೆ ೧೯೦೪ರಲ್ಲಿ, ಮೊದಲು ಮೋಟಾರುಕಾರುಗಳ ಸಲುವಾಗಿ, ರಸ್ತೆ ಮುಚ್ಚಲು ಅನುವಾಗುವ ಕಾಯಿದೆ ಮಾಡಿತು. ಮೋಟಾರುಸೈಕಲುಗಳ ಟಿ. ಟಿ. ಪಂದ್ಯ ೧೯೦೭ರಲ್ಲಿ ಮೊದಲಾಯಿತು. ಎಂದರೆ, ಪಂದ್ಯ ಹುಟ್ಟುವುದಕ್ಕೆ ಮೊದಲು ದಾರಿಯನ್ನು ಮುಚ್ಚುವ ಒಪ್ಪಿಗೆ ಹುಟ್ಟಿತು. ಇಂತಹ ದಿನ, ಇಂತಹ ಹೊತ್ತು ಈ ರಸ್ತೆ ನಿಮ್ಮದಲ್ಲ ಎಂದು ಊರಿಗೆಲ್ಲ ಮುಂಚಿತವಾಗಿ ತಿಳಿಸಿ, ಆಮೇಲೆ ಯಂತ್ರಗಳನ್ನು ಬಿಟ್ಟರು. ಗೋಡೆಗೆ ಬಡಿದರೆ ಬಡಿಯಬೇಕಾದವನು ತಾನು ಎಂಬುದನ್ನು ಸವಾರನು ಬಲ್ಲನು. ನೀರು ಕುಡಿದು ಬರುವ ಮಗುವೊಂದು ಅಡ್ಡ ಬರಲಾರದೆಂಬುದನ್ನೂ ಬಲ್ಲನು. ನಮ್ಮ ಶಾಲೆಯ ಮುಂದಿನ ದಾರಿಯನ್ನು ಯಾರೂ ಮುಚ್ಚಿರಲಿಲ್ಲ. ಆ ಮಗುವನ್ನು ಯಾರೂ ಕೇಳಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗೆಂದು ದಾರಿ ಮುಚ್ಚಿದ ಮಾತ್ರಕ್ಕೆ ಎಲ್ಲವೂ ಶುದ್ಧವಾಯಿತೆಂದು ಹೇಳಲು ನಮಗೆ ಮನಸ್ಸು ಬಾರದು. ಆ ದ್ವೀಪದ ದಾರಿಯಲ್ಲಿ ೧೯೧೧ರಿಂದ ಈಚೆಗೆ ೨೫೦ಕ್ಕೂ ಮಿಕ್ಕ ಸವಾರರು ಪ್ರಾಣ ಬಿಟ್ಟಿದ್ದಾರೆ. ಅವರಲ್ಲಿ ಒಬ್ಬೊಬ್ಬನಿಗೂ ಒಂದು ಮನೆಯಿತ್ತು. ತನ್ನ ಪ್ರಾಣ ತನ್ನದೆಂದು ಹೇಳುವವನ ಪ್ರಾಣದಲ್ಲಿ ತಾಯಿಯ ಪಾಲು, ಮಡದಿಯ ಪಾಲು, ಮಕ್ಕಳ ಪಾಲು ಇಲ್ಲವೇ? ೧೯೭೨ರಲ್ಲಿ ಮಳೆಯಲ್ಲಿ ನಡೆದ ಪಂದ್ಯದಲ್ಲಿ ಅಗೊಸ್ಟಿನಿಯ ಗೆಳೆಯನಾದ ಜಿಲ್ಬರ್ಟೋ ಪಾರ್ಲೊಟ್ಟಿ ಸತ್ತನು. ಅಂದಿನ ಮೇಲೆ ಅಗೊಸ್ಟಿನಿ ಆ ದ್ವೀಪದಲ್ಲಿ ಮತ್ತೆ ಸ್ಪರ್ಧಿಸಲಿಲ್ಲ. ಬೇರೆ ಶ್ರೇಷ್ಠ ಸವಾರರೂ ಹಿಂಜರಿದರು. ೧೯೭೬ರ ತರುವಾಯ ಟಿ. ಟಿ. ಪಂದ್ಯ ಜಗತ್ಸ್ಪರ್ಧೆಯ ಪಟ್ಟಿಯಿಂದಲೇ ಹೊರಗಾಯಿತು. ಹತ್ತು ಸಲ ಗೆದ್ದ ದಾರಿಗೆ ‘ಇನ್ನು ಒಲ್ಲೆ’ ಎನ್ನುವುದಕ್ಕೂ ಎದೆ ಬೇಕು. ನಮ್ಮ ಪಾಠಗಳಲ್ಲಿ ಇಂತಹ ಧೈರ್ಯಕ್ಕೆ ಜಾಗವೇ ಇಲ್ಲದಿರುವುದು ನಮ್ಮದೇ ಕೊರತೆ. ಆದುದರಿಂದ ಪಂದ್ಯದ ಸಾಹಸವನ್ನು ನಾವು ಅತ್ಯುತ್ತಮವೆಂದು ಹೊಗಳುವುದಿಲ್ಲ. ಅದರ ಬೆಲೆಯ ದೊಡ್ಡ ಪಾಲನ್ನು ಸಾಹಸಿಯೇ ತೆರುತ್ತಾನೆ, ಅರಿತು ತೆರುತ್ತಾನೆ ಎಂದಷ್ಟೇ ಹೇಳುತ್ತೇವೆ.

ಇದಕ್ಕಿಂತ ಮೇಲಾದ ಸಾಹಸವೊಂದು ಹೇಲ್‌ವುಡ್‌ನ ಬಾಳಿನಲ್ಲಿಯೇ ಉಂಟು. ಹೋಂಡಾ ಸಂಸ್ಥೆ ೧೯೬೮ರಲ್ಲಿ ಮೋಟಾರುಸೈಕಲ್ ಪಂದ್ಯಗಳಿಂದ ಹಿಂದೆ ಸರಿದ ಮೇಲೆ ಅವನು ಕಾರುಗಳ ಪಂದ್ಯಕ್ಕೆ ತಿರುಗಿದನು. ೧೯೭೩ನೆಯ ಮಾರ್ಚ್ ೩ರಂದು ದಕ್ಷಿಣ ಆಫ್ರಿಕದ ಕ್ಯಾಲಾಮಿಯಲ್ಲಿ ಪಂದ್ಯ ಆರಂಭವಾಗಿ ಕೆಲವೇ ಸುತ್ತುಗಳಾಗಿದ್ದವು. ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಸ್ವಿಟ್ಜರ್ಲೆಂಡಿನ ಕ್ಲೇ ರೆಗಜೋನಿಯ ಕಾರಿಗೆ ಉರಿ ಹತ್ತಿತು. ರೆಗಜೋನಿ ಪ್ರಜ್ಞೆ ತಪ್ಪಿ ಒಳಗೆ ಸಿಕ್ಕಿಕೊಂಡಿದ್ದನು. ಅದೇ ಅಪಘಾತದಲ್ಲಿ ಸಿಕ್ಕಿದ್ದ ಹೇಲ್‌ವುಡ್ ತನ್ನ ಕಾರಿನಿಂದ ಇಳಿದವನೇ ಉರಿಯ ಕಡೆಗೆ ಓಡಿದನು. ಕೈಯಿಕ್ಕಿ ಪಟ್ಟಿಗಳನ್ನು ಬಿಚ್ಚತೊಡಗಿದನು. ಅವನ ಉಡುಪಿಗೇ ಬೆಂಕಿ ಹತ್ತಿತು. ಹೊರಗೆ ಬಂದನು, ಬೆಂಕಿಯನ್ನು ಆರಿಸಿದರು. ಮರಳಿ ಉರಿಯೊಳಕ್ಕೆ ಹೋದನು. ರೆಗಜೋನಿಯನ್ನು ಎಳೆದು ತಂದರು, ಅವನು ಬದುಕಿದನು. ಬ್ರಿಟಿಷ್ ಸರಕಾರ ಹೇಲ್‌ವುಡ್‌ಗೆ ಜಾರ್ಜ್ ಪದಕವನ್ನಿತ್ತಿತು.

ವೇಗದ ಅಭ್ಯಾಸವೇ ಈ ಧೈರ್ಯವನ್ನು ಕಲಿಸಿತೆಂದು ಯಾರಾದರೂ ಹೇಳಬಹುದು. ನಾವೂ ಮೊದಲು ಹಾಗೆಯೇ ಎಣಿಸಿದೆವು. ಆದರೆ ಅದೇ ವರ್ಷ ಜುಲೈ ೨೯ರಂದು ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ರೋಜರ್ ವಿಲಿಯಮ್‌ಸನ್ ಎಂಬ ತರುಣನ ಕಾರು ಮಗುಚಿ ಉರಿಯತೊಡಗಿದಾಗ, ತನ್ನ ಕಾರು ನಿಲ್ಲಿಸಿ ಓಡಿಬಂದ ಪಂದ್ಯಗಾರನು ಡೇವಿಡ್ ಪರ್ಲಿ ಒಬ್ಬನೇ. ಮಿಕ್ಕವರು ಸುತ್ತು ಸುತ್ತಾಗಿ ಹಾದುಹೋದರು. ಓಡಾಡುತ್ತಿದ್ದ ಪರ್ಲಿಯೇ ಆ ಕಾರಿನವನು, ಒಳಗೆ ಯಾರೂ ಇಲ್ಲ ಎಂದು ಅವರಲ್ಲಿ ಅನೇಕರು ತಿಳಿದಿದ್ದರು. ಅವರನ್ನು ನಿಷ್ಕರುಣಿಗಳೆನ್ನುವುದು ನ್ಯಾಯವಲ್ಲ. ಪರ್ಲಿಗೂ ಮುಂದೆ ಜಾರ್ಜ್ ಪದಕ ಬಂದಿತು, ಆದರೆ ವಿಲಿಯಮ್‌ಸನ್ ಉಳಿಯಲಿಲ್ಲ. ವೇಗದಲ್ಲಿ ಎಲ್ಲರೂ ಧೀರರೇ ಆಗಿದ್ದರು. ವೇಗದ ಅಭ್ಯಾಸ ಕೈಗೆ ಚುರುಕನ್ನೂ ಕಣ್ಣಿಗೆ ಸ್ಥೈರ್ಯವನ್ನೂ ಕೊಡುತ್ತದೆ ಎಂಬುದು ದಿಟ. ಆದರೆ ಬಟ್ಟೆಗೆ ಹತ್ತಿದ ಬೆಂಕಿಯನ್ನು ಆರಿಸಿಕೊಂಡವನು ಎರಡನೆಯ ಬಾರಿ ಉರಿಗೆ ಮುಖಮಾಡುವುದು ಚುರುಕಿನಿಂದಲ್ಲ. ಅಲ್ಲಿ ಅವನಿಗೆ ಗೆಲ್ಲುವುದಕ್ಕೆ ಏನೂ ಇರಲಿಲ್ಲ. ಮತ್ತೊಬ್ಬನ ಪಾಲಿಗೆ ಬಂದ ಅಪಾಯವನ್ನು ತನ್ನ ಪಾಲಿಗೆ ಎಳೆದುಕೊಂಡನು, ಅಷ್ಟೆ.

ಮುಂದಿನ ವರ್ಷದ ಸಂಗತಿಯೊಂದು ವಿಧಿಯ ಲೀಲೆಯಂತಿದೆ. ೧೯೭೪ನೆಯ ಆಗಸ್ಟ್ ೪ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಹೇಲ್‌ವುಡ್‌ನ ಕಾರು ಅಪಘಾತಕ್ಕೀಡಾಗಿ ಕಾಲು ಜಜ್ಜಿಹೋಯಿತು. ಅವನ ಕಾರುಪಂದ್ಯದ ಬಾಳು ಅಲ್ಲಿಗೆ ಮುಗಿಯಿತು. ಅಂದಿನ ಆ ಪಂದ್ಯವನ್ನೇ ಗೆದ್ದವನು ರೆಗಜೋನಿ. ಕುಂಟುಗಾಲಿನ ಹೇಲ್‌ವುಡ್ ನಾಲ್ಕು ವರ್ಷಗಳ ಮೇಲೆ, ೧೯೭೮ರ ಜೂನ್‌ನಲ್ಲಿ, ಹನ್ನೊಂದು ವರ್ಷ ಬಿಟ್ಟಿದ್ದ ಮ್ಯಾನ್ ದ್ವೀಪಕ್ಕೆ ಹಿಂದಿರುಗಿ, ಮೂವತ್ತೆಂಟನೆಯ ವಯಸ್ಸಿನಲ್ಲಿ ಡುಕಾಟಿ ಯಂತ್ರದ ಮೇಲೆ ಗೆದ್ದನು. ೧೯೭೯ರಲ್ಲಿ ಸುಜುಕಿಯ ಮೇಲೆ ಇನ್ನೊಂದು ಗೆಲುವು; ಅದು ಆ ದಾರಿಯಲ್ಲಿ ಅವನ ಹದಿನಾಲ್ಕನೆಯದು. ಆಮೇಲೆ ಪಂದ್ಯವನ್ನು ಬಿಟ್ಟು ಮನೆಯಲ್ಲಿ ನಿಂತನು.

ಇಂತಹವನಿಗೆ ಸಾವು ಬಂದುದು ಎಲ್ಲಿ? ೧೯೮೧ನೆಯ ಮಾರ್ಚ್ ೨೧ರ ಸಂಜೆ ಅವನು ಮನೆಮಂದಿಯ ಊಟಕ್ಕೆಂದು ಕರಿದ ಮೀನು ತರಲು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಕಾರಿನಲ್ಲಿ ಹೊರಟನು. ನಡುವೆ ತಡೆಯಿದ್ದ ಜೋಡಿರಸ್ತೆಯಲ್ಲಿ, ತಿರುಗಿಸಬಾರದ ಎಡೆಯಲ್ಲಿ ಒಂದು ಲಾರಿ ತಿರುಗಿ ಅಡ್ಡ ನಿಂತಿತು. ಕಾರು ಅದಕ್ಕೆ ಬಡಿಯಿತು. ಒಂಬತ್ತು ವರ್ಷದ ಮಗಳು ಅಲ್ಲಿಯೇ ತೀರಿಕೊಂಡಳು. ಹೇಲ್‌ವುಡ್ ಎರಡು ದಿನಗಳ ಮೇಲೆ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದನು. ಮಗ ಉಳಿದುಕೊಂಡನು. ಲಾರಿ ನಡೆಸಿದವನಿಗೆ ೧೦೦ ಪೌಂಡು ದಂಡವಾಯಿತು.

ಈ ಪುಟವನ್ನು ಓದಿ ನಾವು ಪುಸ್ತಕವನ್ನು ಮುಚ್ಚಿಟ್ಟೆವು. ಒಂಬತ್ತು ವರ್ಷದ ಆ ಮಗುವಿನ ವಯಸ್ಸೇ ನಮ್ಮ ನಾಲ್ಕನೆಯ ತರಗತಿಯ ಹುಡುಗಿಯದು. ಗಂಟೆಗೆ ೧೭೫ ಕಿಲೋಮೀಟರು ವೇಗದ ದಾರಿ ಕೊಲ್ಲದವನನ್ನು ಅಂಗಡಿಗೆ ಹೋಗುವ ದಾರಿ ಕೊಂದಿತು. ಲಾರಿಯವನಿಗೆ ಯಾರನ್ನೂ ಕೊಲ್ಲುವ ಉದ್ದೇಶವಿರಲಿಕ್ಕಿಲ್ಲ. ಮುಂದೆ ಹೋಗಿ ತಿರುಗಿಸಿಕೊಂಡು ಬರುವ ಶ್ರಮ ಉಳಿಯಲಿ ಎಂದಿದ್ದಿರಬಹುದು. ಆದರೆ ಅವನು ಉಳಿಸಿಕೊಂಡ ಆ ಕೆಲವು ನಿಮಿಷಗಳ ಬೆಲೆಯನ್ನು ತೆತ್ತವರು, ಏನನ್ನೂ ಅರಿಯದೆ ಬರುತ್ತಿದ್ದ ತಂದೆ ಮಕ್ಕಳು.

ನಮ್ಮ ಶಿಷ್ಯನಿಗೆ ಹೇಳಬೇಕಾದ ಉತ್ತರ ಇಷ್ಟು ಹೊತ್ತಿಗೆ ನಮಗೆ ಸ್ಪಷ್ಟವಾಯಿತು. ಅಪಾಯದೊಡನೆ ಮನುಷ್ಯನ ಸಂಬಂಧ ಮೂರು ಬಗೆಯದು. ತನ್ನ ಇಷ್ಟಕ್ಕೆ ತಂದುಕೊಂಡ ಅಪಾಯವನ್ನು ತಾನೇ ಹೊರುವುದು ಒಂದು. ಪರರ ಪಾಲಿನ ಅಪಾಯವನ್ನು ತಾನು ಹೊರುವುದು ಎರಡನೆಯದು. ತನ್ನ ಇಷ್ಟಕ್ಕಾಗಿ, ಅನುಕೂಲಕ್ಕಾಗಿ, ಅಪಾಯವನ್ನು ಪರರ ಮೇಲೆ ಹೊರಿಸುವುದು ಮೂರನೆಯದು. ಹೊರಗಿನಿಂದ ನೋಡುವವರಿಗೆ ಮೂರೂ ಧೈರ್ಯದಂತೆಯೇ ಕಾಣಿಸಬಹುದು. ಮೊದಲನೆಯದನ್ನು ಮೆಚ್ಚುವವರು ಮೆಚ್ಚಲಿ, ಒಲ್ಲದವರು ಬಿಡಲಿ, ಎರಡನೆಯದಕ್ಕೆ ಕೈಮುಗಿಯಲೇಬೇಕು, ಮೂರನೆಯದಕ್ಕೆ ಧೈರ್ಯವೆಂಬ ಹೆಸರೇ ಸಲ್ಲದು. ಗ್ರಹಚಾರದ ಮಾತಿಗೂ ಇಲ್ಲಿಯೇ ಉತ್ತರವಿದೆ. ಆ ಸಂಜೆ ಮಗು ರಸ್ತೆಗೆ ಬಾರದೆ ಹೋಗಿದ್ದರೆ ಕಾಲು ಮುರಿಯುತ್ತಿರಲಿಲ್ಲ, ನಿಜ. ಆದರೆ ಶಾಲೆ ಬಿಡುವ ಹೊತ್ತಿನಲ್ಲಿ ಪಂತ ಕಟ್ಟಿ ಹೊರಟ ಕ್ಷಣದಲ್ಲಿಯೇ ಅಪಾಯವನ್ನು ಎಲ್ಲ ಮಕ್ಕಳ ಮೇಲೆ ಹೊರಿಸಿ ಆಗಿದ್ದಿತು. ಯಾವ ಮಗುವಿನ ಕಾಲು ಎಂಬುದಷ್ಟೇ ಗ್ರಹಚಾರಕ್ಕೆ ಉಳಿದಿದ್ದ ಕೆಲಸ. ವೀರಗಲ್ಲುಗಳನ್ನು ನಿಲ್ಲಿಸಿದ ನಮ್ಮ ಹಿಂದಿನವರು ಈ ಭೇದವನ್ನು ಅರಿತಿದ್ದರೆಂದು ತೋರುತ್ತದೆ. ತುರುಗಳನ್ನು ಮರಳಿಸಲು ಹೋಗಿ ಮಡಿದವನಿಗೆ, ಊರ ರಕ್ಷಣೆಗೆ ನಿಂತು ಬಿದ್ದವನಿಗೆ ಕಲ್ಲು ನಿಲ್ಲಿಸಿದರು. ಕುದುರೆಯನ್ನು ವೇಗವಾಗಿ ಓಡಿಸಿದನೆಂದು ಕಲ್ಲು ನಿಲ್ಲಿಸಿದುದನ್ನು ನಾವು ಕಾಣೆವು.

ಇಷ್ಟನ್ನು ಸಿದ್ಧಮಾಡಿಕೊಂಡು ನಾವು ಶಿಷ್ಯನ ಬಳಿಗೆ ಹೋಗಬಹುದಾಗಿತ್ತು. ಆದರೆ ಹೋಗುವ ಮುನ್ನ ಹಳೆಯದೊಂದು ನೆನಪು ನಮ್ಮನ್ನು ತಡೆಯಿತು. ಅವನು ಐದನೆಯ ತರಗತಿಯಲ್ಲಿದ್ದಾಗ ಸ್ವಾತಂತ್ರ್ಯೋತ್ಸವದ ದಿನ ಧ್ವಜದ ಹಗ್ಗ ಕಂಬದ ತುದಿಯಲ್ಲಿ ಸಿಕ್ಕಿಕೊಂಡಿತು. ಊರ ಪ್ರಮುಖರು ಬಂದು ಕುಳಿತಿದ್ದರು. “ಯಾರು ಹತ್ತುತ್ತೀರಿ?” ಎಂದು ನಾವು ಮಕ್ಕಳನ್ನು ಕೇಳಿದೆವು. ಅವನು ಮುಂದೆ ಬಂದನು, ಸರಸರನೆ ಹತ್ತಿದನು, ಹಗ್ಗ ಬಿಡಿಸಿದನು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾರ್ಷಿಕೋತ್ಸವದಲ್ಲಿ ಅವನಿಗೊಂದು ಪುಸ್ತಕವನ್ನು ಬಹುಮಾನವಾಗಿ ಕೊಟ್ಟು, ಒಳಪುಟದಲ್ಲಿ ‘ಧೈರ್ಯಕ್ಕಾಗಿ’ ಎಂದು ನಮ್ಮ ಕೈಯಿಂದಲೇ ಬರೆದೆವು. ಹತ್ತು ವರ್ಷದ ಬಾಲಕನು ಅಷ್ಟೆತ್ತರದಿಂದ ಬಿದ್ದಿದ್ದರೆ? ಆ ದಿನ ನಮ್ಮ ಮರ್ಯಾದೆ ಉಳಿಯಲೆಂದು ಅಪಾಯವನ್ನು ಅವನ ಮೇಲೆ ಹೊರಿಸಿದವರು ನಾವು. ಅವನು ಬೀಳದಿದ್ದುದು ನಮ್ಮ ಗ್ರಹಚಾರ ನೆಟ್ಟಗಿದ್ದುದರಿಂದ, ಅಷ್ಟೆ. ಮೂರನೆಯ ಬಗೆಯನ್ನು ಅವನಿಗೆ ಮೊದಲು ಮಾಡಿ ತೋರಿಸಿ, ಅದಕ್ಕೆ ಧೈರ್ಯವೆಂದು ಹೆಸರಿಟ್ಟು, ಬಹುಮಾನವನ್ನೂ ಕೊಟ್ಟವರು ಅವನ ಗುರುಗಳೇ.

ಆದುದರಿಂದ ನಾವು ಹೋದಾಗ ಉಪದೇಶಕ್ಕಿಂತ ಮೊದಲು ಈ ತಪ್ಪನ್ನು ಒಪ್ಪಿಕೊಂಡೆವು. ಬಳಿಕ ಹೇಲ್‌ವುಡ್‌ನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆವು. ಅವನು ಪ್ರತಿಮಾತಾಡದೆ ಕೇಳಿದನು. ಕ್ಯಾಲಾಮಿಯ ಬೆಂಕಿಯ ಸಂಗತಿ ಬಂದಾಗ ತಲೆಯೆತ್ತಿದನು; ಒಂಬತ್ತು ವರ್ಷದ ಮಗಳ ಸಂಗತಿ ಬಂದಾಗ ಎದ್ದು ಹೊರಗೆ ಹೋದನು. ಅವನ ಮನಸ್ಸಿನಲ್ಲಿ ಏನಾಯಿತೆಂಬುದನ್ನು ಊಹಿಸಿ ಬರೆಯುವ ಅಧಿಕಾರ ನಮಗಿಲ್ಲ.

ನಮ್ಮ ಮಟ್ಟಿಗೆ ಹೇಳುವುದಾದರೆ, ಬಹುಮಾನದ ಪುಸ್ತಕದಲ್ಲಿ ‘ಧೈರ್ಯಕ್ಕಾಗಿ’ ಎಂದು ಬರೆಯಬೇಕಾಗಿ ಬಂದಾಗ ಈಗ ಲೇಖನಿಯನ್ನು ತಡೆದು, ಇದರ ಬೆಲೆಯನ್ನು ಯಾರು ತೆತ್ತರು ಎಂದು ಕೇಳಿಕೊಳ್ಳುತ್ತೇವೆ. ಸಂಜೆ ಶಾಲೆ ಬಿಟ್ಟಾಗ ರಸ್ತೆಯ ನಡುವೆ ನಿಂತು, ಎರಡೂ ಕಡೆಗೆ ಕೈಯೊಡ್ಡಿ, ಮಕ್ಕಳನ್ನು ದಾಟಿಸುತ್ತೇವೆ. ಆ ಹುಡುಗಿ ಎಲ್ಲರಿಗಿಂತ ನಿಧಾನವಾಗಿ ದಾಟುತ್ತಾಳೆ. ಅವಳು ಆಚೆಯ ದಡ ಸೇರುವವರೆಗೆ ನಾವು ಕೈ ಇಳಿಸುವುದಿಲ್ಲ.